ಕಾಣದವರ ಸುದ್ದಿ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕಿವಿ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವನು ಡಾಕ್ಟರಲ್ಲ. ಕಿವಿ ಮಂದವಾದವರನ್ನು ಪರೀಕ್ಷೆ ಮಾಡಿ, ಅವರವರ ಕಿವಿಯ ಅಚ್ಚು ತೆಗೆದು, ಮಶಿನ್ ಕೂರಿಸಿಕೊಡುವವನು. ಅಂಗಡಿಯ ಹಿಂಬದಿಯಲ್ಲಿ ಬಟ್ಟೆ ಬೀರುವಿನಷ್ಟು ಅಗಲದ ಒಂದು ಕೋಣೆ ಇತ್ತು. ಗೋಡೆಗೆಲ್ಲ ದಪ್ಪ ಸ್ಪಂಜು. ಒಳಗೆ ಕೂತು ಬಾಗಿಲು ಹಾಕಿಕೊಂಡರೆ ಬೀದಿಯ ಗದ್ದಲ ಕತ್ತರಿಸಿದಂತೆ ನಿಂತುಹೋಗುತ್ತಿತ್ತು. ಬಂದವರನ್ನು ಅಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ತಾನು ಗಾಜಿನ ಕಿಟಕಿಯ ಈಚೆ ಕೂತು ಬಟನ್ ಒತ್ತುತ್ತ ಸಣ್ಣ ದೊಡ್ಡ ಸೀಟಿಗಳನ್ನು ಕೇಳಿಸುತ್ತಿದ್ದ. ಕೇಳಿಸಿದಾಗ ಅವರು ಕೈ ಎತ್ತಬೇಕು. ಪರೀಕ್ಷೆ ಎಂದರೆ ಅಷ್ಟೇ. "ಕೇಳಿಸದೆ ಇದ್ರೂ ಮರ್ಯಾದೆಗೆ ಅಂತ ಕೈ ಎತ್ತಬೇಡಿ, ಆಮೇಲೆ ಮಶಿನ್ ನನ್ನನ್ನೇ ಬೈಯುತ್ತೆ" ಎಂದು ಮುದುಕರನ್ನು ನಗಿಸುತ್ತಿದ್ದ.

ಅವನ ಹೆಂಡತಿ ಹತ್ತಿರದಲ್ಲೇ ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸದಲ್ಲಿದ್ದಳು. ಉದ್ದನೆಯ ಮೇಜಿನ ಮೇಲೆ ನೀಲಿ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ದೊಡ್ಡ ಕತ್ತರಿಯನ್ನು ಒಂದೇ ಉಸಿರಿನಲ್ಲಿ ಓಡಿಸುತ್ತಿದ್ದಳು. ಕೈ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಇಬ್ಬರಿಗೂ ಸೇರಿ ಒಬ್ಬಳೇ ಮಗಳು. ಹುಟ್ಟಿದಾಗ ಅವಳ ಅಳು ಎಷ್ಟು ಸಣ್ಣಗೆ, ಎಷ್ಟು ಎತ್ತರದ ಸ್ವರದಲ್ಲಿತ್ತೆಂದರೆ ಅಪ್ಪ ಅವಳನ್ನು ಪಿಟೀಲು ಎಂದು ಕರೆದ. ಕಾಲೇಜು ಸೇರಿದ ಮೇಲೂ ಮನೆಯಲ್ಲಿ ಅವಳು ಪಿಟೀಲೇ. ಅಂಗಡಿಗೆ ಫೋನು ಮಾಡಿದರೆ, "ಹಲೋ, ಪಿಟೀಲು ಮಾತಾಡ್ತಿದೀನಿ, ಕಿವಿ ಡಾಕ್ಟ್ರು ಇದ್ದಾರಾ?" ಎನ್ನುತ್ತಿದ್ದಳು. ಅವಳಿಗೆ ಒಂದು ಜ್ವರ ಬಂತು. ಮಾಮೂಲಿ ಜ್ವರ ಎಂದುಕೊಂಡರು. ಆಸ್ಪತ್ರೆಗೆ ಸೇರಿಸಿದ ಮೇಲೆ, ನಂಜು ರಕ್ತಕ್ಕೆ ಏರಿದೆ ಎಂದರು. ವಾರ ತುಂಬುವಷ್ಟರಲ್ಲಿ ಅವಳು ಇರಲಿಲ್ಲ.

ಅವನು ಕೆಲಸಕ್ಕೆ ಬಿದ್ದ. ಎದುರಿಗೆ ಯಾರಾದರೂ ಕೂತಿದ್ದರೆ ಸಾಕು, ಹೊತ್ತು ಹೋಗುತ್ತಿತ್ತು. ಹೆಂಡತಿಗೆ ಹಾಗಾಗಲಿಲ್ಲ. ಕತ್ತರಿಸುತ್ತಿದ್ದ ಸಮವಸ್ತ್ರವೆಲ್ಲ ಯಾರದೋ ಮಕ್ಕಳದು. ಒಂದು ದಿನ ಜೊತೆಯ ಹೊಲಿಗೆಯವಳು ಅವಳನ್ನು ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ ನಡೆಯುವ ಗ್ರಂಥದ ಓದಿಗೆ ಕರೆದುಕೊಂಡು ಹೋದಳು.

ಓದಿಸುತ್ತಿದ್ದವರು ನಿವೃತ್ತ ಭೂಗೋಳದ ಮೇಡಂ. ಎಲ್ಲರ ಬಾಯಲ್ಲೂ ಟೀಚರಮ್ಮ. ತೆಳ್ಳಗಿನ ಮೈ, ಗಟ್ಟಿ ಗಂಟಲು. ಚಿಕ್ಕಂದಿನಲ್ಲಿ ತಾಯಿಯನ್ನು ಕಳೆದುಕೊಂಡಾಗಿನಿಂದ ಗ್ರಂಥ ಓದುತ್ತ ಬಂದವರು, ಮದುವೆಯ ಗೋಜಿಗೆ ಹೋಗಿರಲಿಲ್ಲ. ಹಳೆಯ ಆ ಗ್ರಂಥದಲ್ಲಿ 'ಕಾಣದವರು' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅವರು ಮೇಲಿನ ಲೋಕದವರು, ಬೆಳಕಿನ ಮೈಯವರು, ಸತ್ತವರ ಕೈ ಹಿಡಿದು ನಡೆಸುವವರು. ಇದ್ದವರ ಮನೆಗೂ ಒಮ್ಮೊಮ್ಮೆ ಬರುತ್ತಾರಂತೆ. ನಿಶ್ಶಬ್ದವಾಗಿ ಓದಿ, ನಿಶ್ಶಬ್ದವಾಗಿ ಕಾದವರಿಗೆ ಅವರ ಮಾತು ಕೇಳಿಸುತ್ತದಂತೆ. ಟೀಚರಮ್ಮ ಪ್ರತಿ ಬೆಳಿಗ್ಗೆ ಓದು ಮುಗಿಸಿ ಹಾಗೆ ಕಾಯುತ್ತಿದ್ದರು.

ಅವಳು ಗ್ರಂಥದ ಒಂದು ಪ್ರತಿಯನ್ನು ಮನೆಗೆ ತಂದಳು. ಮೊದಮೊದಲು ಅರ್ಥವಾಗದೆ ಬೆರಳಿಟ್ಟು ಓದಿದಳು. ಆಮೇಲೆ ಓದು ಹಿಡಿಯಿತು. ಅವನು ಅಡ್ಡಿ ಮಾಡಲಿಲ್ಲ. ಅಳುತ್ತ ಕೂರುವುದಕ್ಕಿಂತ ಓದುತ್ತ ಕೂರುವುದು ವಾಸಿ ಎಂದುಕೊಂಡ.

ಒಂದು ಸಂಜೆ ಊಟಕ್ಕೆ ಕೂತಾಗ ಅವಳು ಬಹಳ ಸಹಜವಾಗಿ ಹೇಳಿದಳು. "ಪಿಟೀಲು ಇವತ್ತು ನಕ್ಕಳಂತೆ."

ಅವನ ಕೈ ತಟ್ಟೆಯಲ್ಲೇ ನಿಂತಿತು. "ಯಾರು ಹೇಳಿದ್ದು?"

"ಅವರೇ, ಕಾಣದವರು. ಓದು ಮುಗಿಸಿ ಕೂತಿದ್ದೆ. ಬಂದು ಹೇಳಿದ್ರು. ಹೋದಾಗಿನಿಂದ ಮಂಕಾಗಿದ್ಲಂತೆ, ಇವತ್ತು ಮೊದಲನೇ ಸಲ ನಕ್ಕಿದ್ದಂತೆ."

"ತಲೆ ನೆಟ್ಟಗಿದೆಯಾ ನಿನಗೆ?" ಎಂದು ಅವನು ತಟ್ಟೆ ಬಿಟ್ಟೆದ್ದ.

ಮರುದಿನ ಅವಳನ್ನು ಅಂಗಡಿಗೆ ಕರೆದುಕೊಂಡು ಹೋಗಿ ಸ್ಪಂಜಿನ ಕೋಣೆಯಲ್ಲಿ ಕೂರಿಸಿದ. ಕಿವಿಯಲ್ಲಿ ಮೊರೆತವಿದ್ದರೆ ಮಾತಿನ ಹಾಗೆ ಕೇಳುವುದುಂಟು. ಅದೇ ಇರಬೇಕು ಎಂಬುದು ಅವನ ಲೆಕ್ಕಾಚಾರ. ಅವಳು ಹೆಡ್‌ಫೋನ್ ಹಾಕಿಕೊಂಡಳು. ಅವನು ಬಟನ್ ಒತ್ತಿದಾಗಲೆಲ್ಲ ಬಲಗೈ ಎತ್ತಿದಳು. ತೀರ ಸಣ್ಣ ಸೀಟಿಯೂ ತಪ್ಪಲಿಲ್ಲ. ಕಿವಿ ಎಳೆಯರ ಕಿವಿಯಷ್ಟು ಚುರುಕಾಗಿತ್ತು. ಅವನು ಬಟನ್ನಿನಿಂದ ಬೆರಳು ತೆಗೆದು ಸುಮ್ಮನೆ ಕೂತ. ಆಗ ಅವಳು ಎಡಗೈ ಎತ್ತಿದಳು.

ಬಾಗಿಲು ತೆರೆದು ಕೇಳಿದ. "ಈಗ ಯಾಕೆ ಎತ್ತಿದೆ? ನಾನು ಏನೂ ಕೇಳಿಸಲಿಲ್ಲ."

"ಗೊತ್ತು. ನಿಮ್ಮದಕ್ಕೆ ಬಲಗೈ, ಅವರದಕ್ಕೆ ಎಡಗೈ" ಎಂದಳು. ಅವಳ ಮುಖದಲ್ಲಿ ತಮಾಷೆಯಿರಲಿಲ್ಲ. "ಇಲ್ಲಿ ಚೆನ್ನಾಗಿ ಕೇಳ್ಸುತ್ತೆ ರೀ. ಮನೇಲಿ ಫ್ರಿಜ್ಜಿನ ಸದ್ದು ಅಡ್ಡ ಬರುತ್ತೆ."

ಅವನು ಕೈಚೆಲ್ಲಿ ಕೂತ.

ಸುದ್ದಿಗಳು ಬರುತ್ತಲೇ ಇದ್ದವು. ದೂರದ ನೆಂಟರ ಮನೆಯಲ್ಲಿ ಓದಲು ಬಿಟ್ಟ ಹುಡುಗಿಯ ಸುದ್ದಿ ಬಂದ ಹಾಗೆ. ಪಿಟೀಲು ಹಸಿರು ಬಟ್ಟೆ ಹಾಕಿಕೊಂಡಿದ್ದಳಂತೆ. ಒಂದು ಹಾಡು ಕಲಿಯುತ್ತಿದ್ದಾಳಂತೆ, ಎರಡನೇ ಸಾಲು ಬರುವುದಿಲ್ಲವಂತೆ. ಯಾವುದೋ ಮುದುಕಿಯ ಜೊತೆ ಸ್ನೇಹವಾಗಿದೆಯಂತೆ, ಆ ಮುದುಕಿಯ ಬಾಯಲ್ಲಿ ಕೇಳಿದ ಸೊಸೆಯನ್ನು ಪಿಟೀಲು ಅಣಕಿಸಿ ತೋರಿಸುತ್ತಾಳಂತೆ. ಅವನು ಮೊದಲು ರೇಗಿದ. ಆಮೇಲೆ ಕೇಳಿಯೂ ಕೇಳದವನಂತೆ ಇದ್ದ. ಆಮೇಲೆ ಊಟದ ಹೊತ್ತಿಗೆ ಕಿವಿ ತಾನಾಗಿಯೇ ಅತ್ತ ವಾಲತೊಡಗಿತು. ಅಣಕಿಸುತ್ತಾಳೆ ಎಂದಾಗ ನಗು ತಡೆಯಲಾಗಲಿಲ್ಲ, ಏಕೆಂದರೆ ಮಗಳು ಇದ್ದಿದ್ದೇ ಹಾಗೆ. ಒಂದು ದಿನ ಕೈತೊಳೆದು ಕೂತವನು, ತನಗೇ ಗೊತ್ತಿಲ್ಲದೆ, "ಇವತ್ತು ಏನಂತೆ?" ಎಂದುಬಿಟ್ಟ. ಹೆಂಡತಿಯ ಮುಖ ಅರಳಿತು. ಅಂದಿನಿಂದ ಅವನು ದಿನವೂ ಕೇಳಿದ. ನಂಬಿದ್ದನೇ ಎಂದರೆ ಇಲ್ಲ. ನಂಬದೆಯೂ ಕಾಯುತ್ತಿದ್ದ. ಅಂಗಡಿಯಲ್ಲಿ ಹೊತ್ತು ಇಳಿಯುತ್ತಿದ್ದಂತೆ ಮನೆಗೆ ಓಡುವ ಅವಸರವಾಗುತ್ತಿತ್ತು.

ಓದಿನ ಮಹಡಿಯಲ್ಲಿ ಅವಳು ಕಾಣದವರು ಬರುವ ಮಾತನ್ನು ಟೀಚರಮ್ಮನಿಗೂ ಹೇಳಿದ್ದಳು. ಉಳಿದವರೆಲ್ಲ ಅವಳನ್ನು ಸುತ್ತುವರಿದು ಕೈ ಹಿಡಿದುಕೊಂಡರು. ಟೀಚರಮ್ಮ ಮಾತ್ರ ಗ್ರಂಥ ಮುಚ್ಚಿ, ಕನ್ನಡಕ ಒರೆಸುತ್ತ, "ಏನಂತ ಕೇಳ್ಸುತ್ತೆ? ಗಂಡು ಧ್ವನಿಯೋ ಹೆಣ್ಣು ಧ್ವನಿಯೋ?" ಎಂದು ಕೇಳಿದರು. ಅವಳು ಯೋಚಿಸಿ, "ಎರಡೂ ಅಲ್ಲ ಟೀಚರ್. ನಮ್ಮ ಮನೆಯ ಜನರ ಥರ" ಎಂದಳು. ಟೀಚರಮ್ಮ ಅಂದು ಬೇಗನೆ ಓದು ಮುಗಿಸಿದರು.

ಕೆಲವು ತಿಂಗಳ ಮೇಲೆ ಸುದ್ದಿಯ ಜೊತೆಗೆ ಬೇಡಿಕೆಯೂ ಬಂತು. ಮಗಳ ಧ್ವನಿಯನ್ನೇ ನೇರವಾಗಿ ಕೇಳಬೇಕಾದರೆ ತಾಯಿ ಊಟ ಬಿಟ್ಟು ಹಗುರಾಗಬೇಕಂತೆ. ಮೊದಲು ಒಂದು ಹೊತ್ತಿನ ಊಟ ಬಿಟ್ಟಳು. ಆಮೇಲೆ ಎರಡು ಹೊತ್ತಿನದು. ನೀರು ಮತ್ತು ಒಂದು ಹಿಡಿ ಗಂಜಿಗೆ ಇಳಿದಳು. ಅವನು ಬೈದ, ಗೋಗರೆದ, ತುತ್ತು ಮಾಡಿ ಬಾಯಿಗೆ ಹಿಡಿದ. ಅವಳು ನಗುತ್ತ ಮುಖ ತಿರುಗಿಸುತ್ತಿದ್ದಳು. "ಸ್ವಲ್ಪ ದಿನ ರೀ. ಹತ್ತಿರ ಬಂದಿದಾಳೆ. ಅವಳ ಉಸಿರು ಕೇಳ್ಸುತ್ತೆ ಈಗ." ಬಳೆಗಳು ಮೊಣಕೈವರೆಗೆ ಜಾರುವಂತಾದವು. ಕೆನ್ನೆಯ ಮೂಳೆ ಎದ್ದು ಕಂಡಿತು.

ಒಂದು ಮಧ್ಯಾಹ್ನ ಹೊಲಿಗೆ ಅಂಗಡಿಯ ಯಜಮಾನಿಯಿಂದ ಫೋನು ಬಂತು. "ಬೇಗ ಬನ್ನಿ." ಅವನು ಒಬ್ಬ ಮುದುಕರ ಕಿವಿಯಲ್ಲಿ ಅಚ್ಚಿನ ಮೇಣ ತುಂಬಿದ್ದ. ಅದನ್ನು ಹಾಗೇ ಬಿಟ್ಟು ಓಡಿದ. ಅವಳು ಕತ್ತರಿಸುವ ಮೇಜಿನ ಕೆಳಗೆ ನೀಲಿ ಬಟ್ಟೆಯ ರಾಶಿಯ ಮೇಲೆ ಬಿದ್ದಿದ್ದಳು. ಕತ್ತರಿ ಗೆರೆ ತಪ್ಪಿ ಬಟ್ಟೆಯ ಪದರಗಳನ್ನು ಅಡ್ಡಡ್ಡ ಸೀಳಿ, ಅವಳ ಅಂಗೈಯನ್ನೂ ಸೀಳಿತ್ತು. ಯಜಮಾನಿ ಟವೆಲ್ ಸುತ್ತಿ ಒತ್ತಿ ಹಿಡಿದಿದ್ದಳು. ಎತ್ತಿಕೊಂಡಾಗ ಅವಳು ಎಷ್ಟು ಹಗುರವಿದ್ದಳೆಂದರೆ, ಅವನು ಯಾರ ನೆರವೂ ಇಲ್ಲದೆ ರಸ್ತೆಯವರೆಗೆ ಓಡಿದ.

ಆಸ್ಪತ್ರೆಯಲ್ಲಿ ಅಂಗೈಗೆ ಹೊಲಿಗೆ ಹಾಕಿದರು. ಮನಸ್ಸಿನ ಡಾಕ್ಟರು ಬಂದು ಬಹಳ ಹೊತ್ತು ಅವಳ ಜೊತೆ ಮಾತಾಡಿದರು. ಹೊರಗೆ ಬಂದು ಅವನಿಗೆ ಹೇಳಿದರು. "ಮಾತ್ರೆ ತಗೊಂಡ್ರೆ ಧ್ವನಿಗಳು ನಿಲ್ಲುತ್ತೆ. ತಗೊಳ್ಳದೆ ಹೀಗೇ ಊಟ ಬಿಟ್ಟರೆ ಹೃದಯ ನಿಲ್ಲುತ್ತೆ. ನೀವೇ ಹೇಗಾದರೂ ಒಪ್ಪಿಸಿ."

ಅವಳು ಒಪ್ಪಲಿಲ್ಲ. ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡು ಆಮೇಲೆ ಉಗುಳುತ್ತಿದ್ದಳು. "ಅವಳ ಬಾಗಿಲಿಗೆ ನಾನೇ ಬೀಗ ಹಾಕ್ಲಾ?" ಎಂದು ಕೇಳಿದಳು.

ಅವನು ಸೈಕಲ್ ಅಂಗಡಿಯ ಮಹಡಿ ಹತ್ತಿದ. ಟೀಚರಮ್ಮ ಒಬ್ಬರೇ ಬೆಂಚುಗಳನ್ನು ಸಾಲಾಗಿ ಜೋಡಿಸುತ್ತಿದ್ದರು.

"ನನಗೆ ನಿಮ್ಮ ಗ್ರಂಥ ಗೊತ್ತಿಲ್ಲ" ಎಂದ. "ಜಗಳಕ್ಕೂ ಬಂದಿಲ್ಲ. ನನ್ನ ಹೆಂಡತಿ ನನ್ನ ಮಾತು ಕೇಳಲ್ಲ, ಡಾಕ್ಟ್ರ ಮಾತೂ ಕೇಳಲ್ಲ. ನಿಮ್ಮ ಮಾತು ಕೇಳ್ತಾಳೆ. ದಯವಿಟ್ಟು ಒಂದು ಸಲ ಬನ್ನಿ."

ಟೀಚರಮ್ಮ ಬೆಂಚಿನ ತುದಿ ಹಿಡಿದೇ ನಿಂತಿದ್ದರು. "ಈಗಲೂ ಬರ್ತಾರಾ ಅವಳ ಹತ್ತಿರ?"

"ದಿನಾ."

ಅವರು ಗ್ರಂಥವನ್ನು ಚೀಲಕ್ಕೆ ಹಾಕಿಕೊಂಡರು.

ಮನೆಯಲ್ಲಿ ಅವಳು ದಿಂಬಿಗೆ ಒರಗಿ ಕೂತಿದ್ದಳು. ಟೀಚರಮ್ಮ ಪಕ್ಕದಲ್ಲಿ ಕೂತು, ಗುರುತಿಟ್ಟಿದ್ದ ಪುಟ ತೆರೆದು, ತರಗತಿಯ ಗಂಟಲಿನಲ್ಲೇ ಓದಿದರು. "ಕಾಣದವರು ಬರುವುದು ಕೊಡಲಿಕ್ಕೆ. ಅವರು ನಿನ್ನ ಅನ್ನವನ್ನು ಕೇಳರು, ನಿನ್ನ ನಿದ್ದೆಯನ್ನು ಕೇಳರು. ಅವನ್ನು ಕೇಳುವ ಧ್ವನಿ ಅವರದಲ್ಲವೆಂದು ತಿಳಿ." ಓದಿ ಪುಸ್ತಕ ಮಡಚಿದರು. "ಕೇಳಿಸ್ಕೊಂಡೆಯಾ ಮಗಳೇ? ನಿನ್ನ ಹತ್ತಿರ ಊಟ ಬಿಡು ಅಂದವರು ಅವರಲ್ಲ. ಮೊದಲು ಅವರೇ ಬಂದಿದ್ದರೋ ಏನೋ. ಈಗ ಬರ್ತಿರೋದು ಅವರಲ್ಲ."

ಅವಳು ಬಹಳ ಹೊತ್ತು ಬ್ಯಾಂಡೇಜು ಸುತ್ತಿದ ಕೈಯನ್ನು ನೋಡುತ್ತಿದ್ದಳು. ಆಮೇಲೆ ಕೇಳಿದಳು. "ಗ್ರಂಥದಲ್ಲಿ ಬೇರೆ ಎಲ್ಲೂ ಬೇರೆ ಥರ ಹೇಳಿಲ್ವಾ ಟೀಚರ್?"

"ಇಲ್ಲ" ಎಂದರು ಟೀಚರಮ್ಮ.

ಅವಳು ತಲೆಯೆತ್ತಿ ಬಾಗಿಲ ಬಳಿ ನಿಂತಿದ್ದ ಗಂಡನನ್ನು ನೋಡಿದಳು. "ನೀರು ಕೊಡಿ" ಎಂದಳು. ಮಾತ್ರೆ ನುಂಗಿ, ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದಳು.

ಧ್ವನಿಗಳು ಒಮ್ಮೆಲೇ ನಿಲ್ಲಲಿಲ್ಲ. ಪಕ್ಕದ ಮನೆಯಿಂದ ಕೇಳಿದ ಹಾಗಾಯಿತು ಎಂದಳು ಒಂದು ದಿನ. ಆಮೇಲೆ ಬೀದಿಯ ಆ ಕಡೆಯಿಂದ. ಆಮೇಲೆ ಅವಳು ಹೇಳುವುದನ್ನೇ ಬಿಟ್ಟಳು. ಹೊಟ್ಟೆಗೆ ಊಟ ಹೋಯಿತು, ಕೆನ್ನೆ ತುಂಬಿತು, ಅಂಗೈಯ ಗಾಯ ಮಾಗಿತು. ಯಜಮಾನಿ ಮತ್ತೆ ಕತ್ತರಿ ಕೈಗೆ ಕೊಟ್ಟಳು. ಕಂಡವರೆಲ್ಲ, "ಮುಖದಲ್ಲಿ ಕಳೆ ಬಂತು" ಎಂದರು. ಅವನೂ ಹೌದು ಹೌದು ಎಂದ.

ಮನೆ ಮಾತ್ರ ಗರ ಬಡಿದಂತೆ ಇತ್ತು. ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು, ಸೌಟು ಪಾತ್ರೆಗೆ ತಾಗಿದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಸಂಜೆ ಅಂಗಡಿಯಲ್ಲಿ ದಣಿದು ಬಂದವನು, ಹಳೆಯ ರೂಢಿಯಲ್ಲಿ, ಕೈ ಒರೆಸುತ್ತ, "ಇವತ್ತು ಏನಂತೆ?" ಎಂದು ಕೇಳಿಬಿಟ್ಟ. ಮಾತು ಬಾಯಿಂದ ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡ. ಅವಳು ಸೌಟು ಹಿಡಿದು ಹಾಗೇ ನಿಂತಳು. ಸಿಟ್ಟಾಗಲಿಲ್ಲ. "ಏನೂ ಇಲ್ಲ" ಎಂದು ಬಡಿಸಿದಳು. ಆ ಮಾತು ಕೊಟ್ಟಂಥ ಪೆಟ್ಟನ್ನು ಯಾರೂ ಅವನಿಗೆ ಕೊಟ್ಟಿರಲಿಲ್ಲ. ಮಗಳು ಎರಡನೇ ಸಲ ಹೋದಳು ಎಂದು ಅವನಿಗೆ ಅನ್ನಿಸಿತು. ಈ ಸಲ ಕಳಿಸಿದವನು ತಾನೇ.

ಟೀಚರಮ್ಮ ಓದು ನಿಲ್ಲಿಸಿದ್ದಾರೆ ಎಂಬ ಸುದ್ದಿ ಬಂತು. ಕಾರಣ ಯಾರಿಗೂ ತಿಳಿಯಲಿಲ್ಲ. ಕೆಲವು ದಿನಗಳ ಮೇಲೆ ಅವರೇ ಅವನ ಅಂಗಡಿಗೆ ಬಂದರು.

"ಕಿವಿ ನೋಡಿಸ್ಕೊಳ್ಳೋಣ ಅಂತ" ಎಂದರು.

ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದ. ಸಣ್ಣ ಸೀಟಿಗಳಿಗೆ ಅವರ ಕೈ ಏಳಲೇ ಇಲ್ಲ. ಸ್ವಲ್ಪ ದೊಡ್ಡದಕ್ಕೂ ಇಲ್ಲ. ಅವರು ಗಾಜಿನಾಚೆಯಿಂದ ಅವನ ಮುಖವನ್ನೇ ಪರೀಕ್ಷೆಗೆ ಕೂತ ಮಕ್ಕಳ ಹಾಗೆ ನೋಡುತ್ತಿದ್ದರು. ಹೊರಗೆ ಬಂದ ಮೇಲೆ, ವಯಸ್ಸಿಗೆ ಸಹಜ, ಮಶಿನ್ ಹಾಕಿದರೆ ಸರಿಹೋಗುತ್ತದೆ ಎಂದು ಗಟ್ಟಿಯಾಗಿ ಹೇಳಿದ.

ಟೀಚರಮ್ಮ ನಕ್ಕರು. "ಪಕ್ಕದಲ್ಲಿ ಕೂತವರದೇ ಕೇಳಿಸ್ತಿಲ್ಲ, ಇನ್ನು ಮೇಲಿನವರದು ಏನು ಕೇಳಿಸೀತು ಅಲ್ವಾ?" ಎಂದರು. ನಗು ಅರ್ಧಕ್ಕೇ ನಿಂತಿತು. "ಹುಡುಗಿಯಾಗಿದ್ದಾಗಿನಿಂದ ಕಾದಿದೀನಿ. ಒಂದು ಸಲ, ಒಂದೇ ಒಂದು ಸಲ ಯಾರಾದರೂ ಬಂದು ನಮ್ಮಮ್ಮ ಹೇಗಿದಾಳೆ ಅಂತ ಹೇಳಲಿ ಅಂತ. ಯಾರೂ ಬರಲಿಲ್ಲ. ನಿಮ್ಮ ಹೆಂಡತಿ ಮೊನ್ನೆ ಮೊನ್ನೆ ಬಂದು ಕೂತಳು, ಅವಳ ಹತ್ತಿರ ಬಂದರು."

ಅವನು ಹೆಡ್‌ಫೋನಿನ ವೈರು ಸುತ್ತುತ್ತಿದ್ದ.

"ಆವತ್ತು ನಾನು 'ಇಲ್ಲ' ಅಂದೆನಲ್ಲ, ಅದು ಸುಳ್ಳು" ಎಂದರು ಟೀಚರಮ್ಮ. "ಗ್ರಂಥದ ಕೊನೆ ಭಾಗದಲ್ಲಿ ಒಬ್ಬ ತಾಯಿಯ ಕಥೆ ಇದೆ. ಮಗನನ್ನ ಕಳ್ಕೊಂಡವಳು. ಕಾಣದವರು ಅವಳಿಗೆ ಊಟ ಬಿಡು ಅಂತಾರೆ. ಅವಳು ಬಿಡ್ತಾಳೆ. ಮಗನ ದನಿ ಕೇಳ್ಸುತ್ತೆ. ಆಮೇಲೆ ಅವಳನ್ನೂ ಕರ್ಕೊಂಡು ಹೋಗ್ತಾರೆ. ಅದನ್ನ ನಾನು ಯಾವತ್ತೂ ಮಹಡಿಯ ಓದಿನಲ್ಲಿ ಓದಿಸಿಲ್ಲ."

"ನೀವು ಅವಳನ್ನ ಉಳಿಸಿದ್ರಿ ಟೀಚರ್."

"ಉಳಿಸಿದೆ. ಅವಳು ಸಾಯಬಾರದು ಅಂತ ಹೇಳಿದೆನೋ, ನನಗಿಲ್ಲದ್ದು ಅವಳಿಗೂ ಬೇಡ ಅಂತ ಹೇಳಿದೆನೋ, ಎದೆ ಮುಟ್ಟಿಕೊಂಡು ಹೇಳೋಕೆ ಆಗ್ತಿಲ್ಲ. ಅದಕ್ಕೇ ಓದು ನಿಲ್ಲಿಸಿದೆ." ಎದ್ದು ನಿಂತರು. "ಅವಳಿಗೆ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು. ನನ್ನ ಕೈಲಿ ಆಗಲ್ಲ."

ಅವನು ಹೇಳಲಿಲ್ಲ. ಹೇಳಿದರೆ ಅವಳು ಮಾತ್ರೆ ಬಿಡುತ್ತಾಳೆ ಎಂಬ ಭಯ. ಹೇಳದಿದ್ದರೆ ಅವಳಿಗೆ ಮೋಸ. ಅವಳು ದಿನವೂ ಅವನ ಕಣ್ಣೆದುರೇ ಮಾತ್ರೆ ನುಂಗುತ್ತಿದ್ದಳು. ಅವನು ಅತ್ತ ನೋಡಲಾರದೆ ಪತ್ರಿಕೆ ತಿರುವುತ್ತಿದ್ದ.

ಚಳಿ ಶುರುವಾದಾಗ ಟೀಚರಮ್ಮ ಹಾಸಿಗೆ ಹಿಡಿದರು. ಹಿಂದೆ ಮುಂದೆ ಯಾರಿಲ್ಲ. ಅವಳಿಗೆ ಸುದ್ದಿ ತಿಳಿದದ್ದೇ, ಕೆಲಸ ಮುಗಿಸಿ ಊಟದ ಡಬ್ಬಿ ಹಿಡಿದುಕೊಂಡು ಅವರ ಮನೆಗೆ ಹೋಗತೊಡಗಿದಳು. ಉಣಿಸಿ, ಹೊದಿಕೆ ಸರಿಪಡಿಸಿ, ಸ್ವಲ್ಪ ಓದಿ ಬರುತ್ತಿದ್ದಳು. ಅವರು ಬೇಡವೆಂದರೂ ಬಿಡುತ್ತಿರಲಿಲ್ಲ.

ಒಂದು ಸಂಜೆ ಅಂಗಡಿ ಬೇಗ ಮುಚ್ಚಿ ಅವನು ಅವಳನ್ನು ಕರೆತರಲು ಹೋದ. ಟೀಚರಮ್ಮ ಮಶಿನ್ ಹಾಕಿಸಿಕೊಂಡಿರಲೇ ಇಲ್ಲ. ಹಾಗಾಗಿ ಅವಳು ಗಟ್ಟಿಯಾಗಿ ಓದಬೇಕಿತ್ತು, ದನಿ ಮೆಟ್ಟಿಲಿನವರೆಗೂ ಬರುತ್ತಿತ್ತು. ಮಗನನ್ನು ಕಳೆದುಕೊಂಡ ಒಬ್ಬ ತಾಯಿಯ ಕಥೆ ಅದು. ಕಾಣದವರು ಬಂದರು. ಊಟ ಬಿಡು ಎಂದರು. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. ಅವಳು ಎಲ್ಲೂ ತಡವರಿಸದೆ, ತಾಯಿಯನ್ನು ಕರೆದುಕೊಂಡು ಹೋಗುವ ಸಾಲಿನವರೆಗೂ ಓದಿದಳು. ಹಾಸಿಗೆಯಲ್ಲಿ ಟೀಚರಮ್ಮನ ಕಣ್ಣಿಂದ ನೀರು ಕಿವಿಯ ಕಡೆಗೆ ಹರಿಯುತ್ತಿತ್ತು.

"ನಿನಗೆ ಗೊತ್ತಿತ್ತಾ?" ಎಂದರು.

"ಗೊತ್ತಿತ್ತು ಟೀಚರ್. ಪೂರ್ತಿ ಓದಿದ್ದೆನಲ್ಲ. ಆವತ್ತು ನೀವು 'ಇಲ್ಲ' ಅಂದಾಗಲೂ ಗೊತ್ತಿತ್ತು." ಅವಳು ಅವರ ಕೆನ್ನೆ ಒರೆಸಿದಳು. "ನೀವು ಇದನ್ನ ಒಳಗಿಟ್ಕೊಂಡು ಕೊರಗಬಾರದು ಅಂತ ಓದಿದೆ. ಬೇರೇನೂ ಇಲ್ಲ. ಸ್ವಲ್ಪ ನೀರು ಕುಡೀರಿ."

ಟೀಚರಮ್ಮ ಅವಳ ಕೈಯನ್ನು, ಹೊಲಿಗೆಯ ಗುರುತಿದ್ದ ಆ ಅಂಗೈಯನ್ನು, ಎದೆಗೆ ಒತ್ತಿಕೊಂಡರು.

ಗಂಡ ಹೆಂಡತಿ ಬಸ್ ನಿಲ್ದಾಣದವರೆಗೆ ನಡೆದರು. ಬೆಂಚು ತಣ್ಣಗಿತ್ತು. ಅವನು ತನ್ನ ಸ್ವೆಟರ್ ಬಿಚ್ಚಿ ಅವಳ ಹೆಗಲಿಗೆ ಹಾಕಿದ.

"ಗೊತ್ತಿದ್ದೂ ಮಾತ್ರೆ ಯಾಕೆ ತಗೊಂಡೆ?" ಎಂದು ಕೊನೆಗೂ ಕೇಳಿದ.

"ನಿಮ್ಮ ಮುಖ ನೋಡಿದೆ" ಎಂದಳು. "ಉಸಿರು ಬಿಗಿಹಿಡಿದು ನಿಂತಿದ್ರಿ. ಅಲ್ಲಿ ಅವಳ ಸುತ್ತ ಅಷ್ಟು ಜನ ಇದಾರೆ. ಹಾಡು ಹೇಳ್ಕೊಡೋರು ಇದಾರೆ, ಆ ಅಜ್ಜಿ ಇದಾಳೆ. ನಾನೂ ಹೊರಟುಬಿಟ್ರೆ ಇಲ್ಲಿ ನಿಮಗೆ ಯಾರಿದಾರೆ?"

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮಗಳು ಹೋದ ದಿನ ಆಸ್ಪತ್ರೆಯಲ್ಲೂ ಹಾಗೆ ಅತ್ತಿರಲಿಲ್ಲ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟು ರಸ್ತೆಯ ಕಡೆ ನೋಡುತ್ತಿದ್ದಳು.

"ಮಾತ್ರೆ ಬೇಕಾದರೆ..." ಎಂದು ಅವನು ಶುರುಮಾಡಿದ.

"ಬೇಡ. ತಗೋತೀನಿ" ಎಂದಳು. "ಆದರೆ ಪಿಟೀಲಿಗೆ ಒಂದು ಮಾತು ಹೇಳಿ ಬಿಡಬೇಕಿತ್ತು. ಇನ್ಮೇಲೆ ಕೇಳ್ಸಲ್ಲ ಕಣೇ, ಅಪ್ಪನ ಜೊತೆ ಇರ್ತೀನಿ ಅಂತ. ಹೇಳದೆ ಬಾಗಿಲು ಹಾಕಿದೆ. ಕಾದಳೋ ಏನೋ. ಅದೊಂದು ಸಂಕಟ."

ಅವನು ಮುಖ ಒರೆಸಿಕೊಂಡು ಕೇಳಿದ. "ಕೊನೇದಾಗಿ ಏನು ಕೇಳಿಸ್ತು?"

ಅವಳು ಸ್ವೆಟರಿನ ತೋಳನ್ನು ಮಡಚುತ್ತ, ಬಿಚ್ಚುತ್ತ ಇದ್ದಳು. "ಮಾತು ಕೇಳಿಸ್ಲಿಲ್ಲ. ತುಂಬ ದೂರದಲ್ಲಿ ಯಾರೋ ಕೆಮ್ಮಿದ ಹಾಗಾಯ್ತು. ಏನಾದರೂ ಹೇಳೋಕೆ ಮುಂಚೆ ಗಂಟಲು ಸರಿಮಾಡ್ಕೊಳ್ತಾರಲ್ಲ, ಹಾಗೆ. ನಾನು ತಟ್ಟೆ ಕೆಳಗಿಟ್ಟು ಕಾದೆ. ಆಮೇಲೆ ಏನೂ ಇಲ್ಲ."

ಬಸ್ಸು ಬಂತು. ಅವಳು ಮೊದಲು ಹತ್ತಿ, ಹಿಂದಿರುಗಿ ಅವನಿಗೆ ಕೈ ಕೊಟ್ಟಳು.